ಸಾಫ್ಟ್‌ವೇರ್ ಯಾರ ನಿರ್ಧಾರ?

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ಒಂದು ಸೌಹಾರ್ದ ಸಹಕಾರಿ. ಅಡಿಕೆ ಬೆಳೆಗಾರರು, ಪೇಟೆಯ ಸಣ್ಣ ವ್ಯಾಪಾರಿಗಳು, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಅದರ ಸದಸ್ಯರು. ಇಲ್ಲಿ ಮಾತಾಡುತ್ತಿರುವವರು ಇಬ್ಬರು. ಒಬ್ಬರು ಅದರ ಅಧ್ಯಕ್ಷೆ, ಸ್ವತಃ ತೋಟ ಮಾಡುವವರು. ಇನ್ನೊಬ್ಬರು ರಾಷ್ಟ್ರೀಕೃತ ಬ್ಯಾಂಕೊಂದರ ಮಾಹಿತಿ ತಂತ್ರಜ್ಞಾನ ವಿಭಾಗದಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಮರಳಿದ ಅಧಿಕಾರಿ.

ಅಧ್ಯಕ್ಷೆ: ಬರುವ ಮಂಡಳಿ ಸಭೆಯಲ್ಲಿ ಹೊಸ ಸಾಫ್ಟ್‌ವೇರ್ ಖರೀದಿಯ ವಿಷಯ ಇದೆ. ಮೂರು ಕಂಪನಿಗಳು ಕೊಟೇಶನ್ ಕೊಟ್ಟಿವೆ. ಮೂರರಲ್ಲೂ ಮೊಬೈಲ್ ಆಪ್, ಕ್ಯೂಆರ್, ಎಸ್‌ಎಂಎಸ್, ಡ್ಯಾಶ್‌ಬೋರ್ಡ್ ಎಲ್ಲ ಇವೆ. ಯಾವುದು ಒಳ್ಳೆಯದು ಅಂತ ನೀವೊಮ್ಮೆ ನೋಡಿ ಹೇಳಬೇಕು.

ಅಧಿಕಾರಿ: ನೋಡೋಣ. ಅದಕ್ಕೆ ಮೊದಲು ಒಂದು ಮಾತು. ಇನ್ನೈದು ವರ್ಷದಲ್ಲಿ ನಿಮ್ಮ ಸಹಕಾರಿ ಯಾರ ಪಾಲಿಗೆ ಏನಾಗಿರಬೇಕು ಎಂದು ಮಂಡಳಿ ಎಲ್ಲಾದರೂ ಬರೆದಿಟ್ಟಿದೆಯೇ?

ಅಧ್ಯಕ್ಷೆ: ಠೇವಣಿ ಇಷ್ಟಾಗಬೇಕು, ಸಾಲ ಇಷ್ಟು ಕೊಡಬೇಕು, ಇಷ್ಟು ಡಿವಿಡೆಂಡ್ ಹಂಚಬೇಕು ಅಂತ ಪ್ರತಿ ಮಹಾಸಭೆಯಲ್ಲೂ ಹೇಳುತ್ತೇವಲ್ಲ.

ಅಧಿಕಾರಿ: ಅದು ಗುರಿ. ಊರಿನ ಎಲ್ಲ ಸಹಕಾರಿಗಳ ಗುರಿಯೂ ಅದೇ. ನಾನು ಕೇಳಿದ್ದು ದಾರಿಯ ಬಗ್ಗೆ. ಯಾರಿಗೆ ಸಾಲ ಕೊಡುವುದರಲ್ಲಿ ನೀವು ಉಳಿದವರಿಗಿಂತ ಮುಂದಿರುತ್ತೀರಿ, ಯಾವ ವ್ಯವಹಾರ ಸುಲಭವಾಗಿ ಸಿಕ್ಕಿದರೂ ಬೇಡ ಎನ್ನುತ್ತೀರಿ, ಇವೆರಡನ್ನೂ ಹೇಳಿದರೆ ಅದು ಕಾರ್ಯತಂತ್ರ. ಬೇಡ ಎನ್ನುವ ಪಟ್ಟಿ ಇಲ್ಲದಿದ್ದರೆ ಬರೀ ಆಸೆ.

ಅಧ್ಯಕ್ಷೆ: ಹಾಗಾದರೆ ನಮಗೊಂದು ದಾರಿ ಇದೆ. ಬರೆದಿಟ್ಟಿಲ್ಲ ಅಷ್ಟೆ. ಎರಡು ಮೂರು ಎಕರೆ ತೋಟದ ಸಣ್ಣ ಬೆಳೆಗಾರನಿಗೆ ಮಳೆಗಾಲ ಹಿಡಿಯುವ ಮೊದಲು ದುಡ್ಡು ಬೇಕು. ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವ ಕೊನೆಗಾರರಿಗೆ ಕೂಲಿ ಕೊಡಬೇಕು. ಔಷಧಿ ಹೊಡೆಸುವುದು ಹದಿನೈದು ದಿನ ತಡವಾದರೆ ಕೊಳೆ ರೋಗ ಬಂದು ಫಸಲೇ ಹೋಗುತ್ತದೆ. ದೊಡ್ಡ ಬ್ಯಾಂಕಿಗೆ ಅಲೆದರೆ ಅಷ್ಟು ಬೇಗ ಸಿಗದು. ನಾವು ಕೊಡುತ್ತೇವೆ. ಈ ಸಹಕಾರಿ ಹುಟ್ಟಿದ್ದೇ ಅದಕ್ಕೆ.

ಅಧಿಕಾರಿ: ಇದಕ್ಕಿಂತ ಸ್ಪಷ್ಟವಾದ ಕಾರ್ಯತಂತ್ರವನ್ನು ದೊಡ್ಡ ಬ್ಯಾಂಕುಗಳ ವಾರ್ಷಿಕ ವರದಿಯಲ್ಲೂ ನಾನು ಹೆಚ್ಚು ಕಂಡಿಲ್ಲ. ಈಗ ಹೇಳಿ, ಈ ಸಾಲವನ್ನು ನಿಮ್ಮ ಈಗಿನ ಸಾಫ್ಟ್‌ವೇರ್‌ನಲ್ಲಿ ಹೇಗೆ ನಮೂದಿಸುತ್ತಾರೆ?

ಅಧ್ಯಕ್ಷೆ: ಅಲ್ಲೇ ತೊಡಕು. ಅದರಲ್ಲಿ ಸಾಲವೆಂದರೆ ತಿಂಗಳ ಕಂತು, ಬೇರೆ ದಾರಿಯೇ ಇಲ್ಲ. ಅಡಿಕೆಯವನ ಕೈಗೆ ತಿಂಗಳಿಗೊಮ್ಮೆ ದುಡ್ಡು ಎಲ್ಲಿಂದ ಬರಬೇಕು? ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ, ಧಾರಣೆ ನೋಡಿ ಮಾರಿದ ಮೇಲೆ ಒಟ್ಟಿಗೆ ಬರುತ್ತದೆ. ಹಾಗಾಗಿ ಗುಮಾಸ್ತರು ಕಂಪ್ಯೂಟರಿನಲ್ಲಿ ಹನ್ನೆರಡು ಕಂತು ಹಾಕಿ, ಪಕ್ಕದಲ್ಲೊಂದು ನೋಟ್‌ಬುಕ್ಕಿನಲ್ಲಿ 'ಕೊಯ್ಲಿನ ಮೇಲೆ' ಅಂತ ಬರೆದುಕೊಳ್ಳುತ್ತಾರೆ. ವಸೂಲಿಗೆ ಹೋಗುವಾಗ ನೋಟ್‌ಬುಕ್ ನೋಡುತ್ತಾರೆ.

ಅಧಿಕಾರಿ: ಮಂಡಳಿ ಸಭೆಗೆ ಯಾವುದು ಬರುತ್ತದೆ? ನೋಟ್‌ಬುಕ್ಕೋ, ಕಂಪ್ಯೂಟರ್ ವರದಿಯೋ?

ಅಧ್ಯಕ್ಷೆ: ವರದಿ.

ಅಧಿಕಾರಿ: ಆ ವರದಿಯಲ್ಲಿ ಅಡಿಕೆ ಬೆಳೆಗಾರ ಯಾವಾಗಲೂ ಸುಸ್ತಿದಾರ. ಜುಲೈಯಲ್ಲಿ ಸುಸ್ತಿ, ಆಗಸ್ಟಿನಲ್ಲಿ ಇನ್ನಷ್ಟು ಸುಸ್ತಿ. ಅವನು ಮಾತು ತಪ್ಪಿಲ್ಲ, ಸಾಲ ಮುಳುಗಿಯೂ ಇಲ್ಲ, ಆದರೆ ಅಂಕಿ ಕೆಂಪಾಗಿ ಕಾಣುತ್ತದೆ. ಅದೇ ವರದಿಯಲ್ಲಿ ಚಿನ್ನಾಭರಣ ಸಾಲ ಹೇಗಿರುತ್ತದೆ?

ಅಧ್ಯಕ್ಷೆ: ಚೊಕ್ಕವಾಗಿರುತ್ತದೆ. (ಸ್ವಲ್ಪ ತಡೆದು) ಮೂರು ನಾಲ್ಕು ವರ್ಷದಿಂದ ನಮ್ಮ ಚಿನ್ನದ ಸಾಲ ಏರುತ್ತಲೇ ಇದೆ, ಬೆಳೆಗಾರರ ಸಾಲ ಇಳಿಯುತ್ತಲೇ ಇದೆ. ಅಡಿಕೆ ಸಾಲ ಕಡಿಮೆ ಮಾಡೋಣ ಎಂದು ನಾವು ಯಾವತ್ತೂ ಠರಾವು ಮಾಡಿಲ್ಲ. ಸುಸ್ತಿ ಜಾಸ್ತಿಯಾಗಿದೆ, ಸ್ವಲ್ಪ ಹಿಡಿತವಿರಲಿ ಎಂದು ಸಭೆ ಸಭೆಗೂ ಹೇಳುತ್ತ ಬಂದೆವು.

ಅಧಿಕಾರಿ: ಅಂದರೆ ನಿಮ್ಮ ಕಾರ್ಯತಂತ್ರ ಬದಲಾಗಿದೆ. ಬದಲಾಯಿಸಿದ್ದು ಮಂಡಳಿಯಲ್ಲ, ಕಂತಿನ ಕಾಲಂ. ಯಾರೋ ನಗರದ ಸಂಬಳದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಪ್ರೋಗ್ರಾಂ ನಿಮ್ಮ ಸದಸ್ಯರಲ್ಲಿ ಯಾರು ನಂಬಿಕಸ್ಥರು, ಯಾರು ಅಲ್ಲ ಎಂದು ತೀರ್ಮಾನಿಸುತ್ತಿದೆ. ರಿಸರ್ವ್ ಬ್ಯಾಂಕ್ ಕೂಡ ಬ್ಯಾಂಕುಗಳ ಬೆಳೆ ಸಾಲ ವಸೂಲಾಗದ ಸಾಲವೋ ಅಲ್ಲವೋ ಎನ್ನುವುದನ್ನು 2004ರಿಂದ ಬೆಳೆಯ ಹಂಗಾಮಿನ ಲೆಕ್ಕದಲ್ಲಿ ನೋಡುತ್ತದೆ. ನಿಯಂತ್ರಕರು ಒಪ್ಪಿದ ಸತ್ಯ ನಿಮ್ಮ ಸಾಫ್ಟ್‌ವೇರ್‌ಗೆ ಇನ್ನೂ ಗೊತ್ತಿಲ್ಲ.

ಅಧ್ಯಕ್ಷೆ: ಇದನ್ನು ನಾನು ಕಂಪ್ಯೂಟರಿನ ಚಿಕ್ಕ ದೋಷ ಎಂದುಕೊಂಡಿದ್ದೆ.

ಅಧಿಕಾರಿ: ಹಾಗೆಂದುಕೊಳ್ಳುವವರೇ ಹೆಚ್ಚು. ವ್ಯವಹಾರದ ದಾರಿಗೂ ಮಾಹಿತಿ ವ್ಯವಸ್ಥೆಗೂ ಹೊಂದಾಣಿಕೆ ಇರಬೇಕು ಎಂಬುದನ್ನು ದೊಡ್ಡ ಕಂಪನಿಗಳ ವಿಷಯ, ಮ್ಯಾನೇಜ್‌ಮೆಂಟ್ ಪುಸ್ತಕದ ವಿಷಯ ಎಂದುಕೊಂಡು ಬಿಟ್ಟುಬಿಡುತ್ತೇವೆ. ಅದು ಇಂಥ ಒಂದು ಕಾಲಂನಲ್ಲಿ ಇರುತ್ತದೆ. ಸಂಸ್ಥೆ ಯಾರನ್ನು ಮುಖ್ಯ ಎಂದುಕೊಂಡಿದೆಯೋ ಅವರನ್ನು ಅದರ ವ್ಯವಸ್ಥೆ ಸರಿಯಾಗಿ ಗುರುತಿಸುತ್ತದೆಯೇ ಎಂದು ಕೇಳಿ. ಹೌದು ಎಂದಾದರೆ ಹೊಂದಾಣಿಕೆ ಇದೆ.

ಅಧ್ಯಕ್ಷೆ: ಆದರೆ ಇದು ಹೀಗೆ ಆದದ್ದು ಯಾಕೆ? ನಮ್ಮಲ್ಲಿ ಯಾರೂ ಬೆಳೆಗಾರರ ವಿರೋಧಿಗಳಲ್ಲ.

ಅಧಿಕಾರಿ: ಕಂಪ್ಯೂಟರ್ ಬಂದ ದಾರಿ ನೋಡಿ. ನಮ್ಮ ಬ್ಯಾಂಕುಗಳಲ್ಲಿ ಎಂಬತ್ತರ ದಶಕದಲ್ಲಿ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಬ್ಯಾಂಕುಗಳ ಕಂಪ್ಯೂಟರೀಕರಣ ಕುರಿತ ರಂಗರಾಜನ್ ಸಮಿತಿ ದಾರಿ ಹಾಕಿಕೊಟ್ಟಿತು. ಕೆಲಸ ಹೋಗುತ್ತದೆ ಎಂಬ ನೌಕರರ ಭಯ ಕರಗಲು ವರ್ಷಗಳೇ ಬೇಕಾದವು. 1998ರಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿದ್ದ ಎನ್. ವಿಠ್ಠಲ್ ಅವರು, 2001ರ ಜನವರಿ 1ರೊಳಗೆ ವ್ಯವಹಾರದ ಶೇ 70ರಷ್ಟು ಕಂಪ್ಯೂಟರಿಗೆ ಬರಬೇಕು ಎಂದು ಸರ್ಕಾರಿ ಬ್ಯಾಂಕುಗಳಿಗೆ ನಿರ್ದೇಶನ ಕೊಟ್ಟರು. ಭ್ರಷ್ಟಾಚಾರ ತಡೆಯಲು ಅದು ಬೇಕಾಗಿತ್ತು. ಆದರೆ ಕೆಲಸ ನಡೆದದ್ದು ಗಡುವಿನ ಒತ್ತಡದಲ್ಲಿ. ಪುಸ್ತಕದಲ್ಲಿದ್ದ ಲೆಕ್ಕ ಪರದೆಗೆ ಬಂತು. ಈ ಯಂತ್ರದಿಂದ ನಮ್ಮ ಬ್ಯಾಂಕ್ ಯಾರಿಗೆ ಹೇಗೆ ಬೇರೆಯಾಗಿ ಕೆಲಸ ಮಾಡಬಹುದು ಎಂದು ಕೇಳಲು ಪುರುಸೊತ್ತು ಯಾರಿಗಿತ್ತು? ಆಗ ಹುಟ್ಟಿದ ಅಭ್ಯಾಸ ಇನ್ನೂ ಹೋಗಿಲ್ಲ. ವ್ಯವಹಾರ ಮಂಡಳಿಯ ಕೆಲಸ, ಕಂಪ್ಯೂಟರ್ ಕಂಪ್ಯೂಟರ್ ವಿಭಾಗದ ಕೆಲಸ.

ಅಧ್ಯಕ್ಷೆ: ಅದಕ್ಕೂ ಮೊದಲು ಹೊಂದಾಣಿಕೆ ಇತ್ತು ಎನ್ನುತ್ತೀರಾ? ಕಂಪ್ಯೂಟರೇ ಇರಲಿಲ್ಲವಲ್ಲ.

ಅಧಿಕಾರಿ: ಕಂಪ್ಯೂಟರ್ ಇರಲಿಲ್ಲ, ಮಾಹಿತಿ ವ್ಯವಸ್ಥೆ ಇತ್ತು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಅವರು ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಉಳಿಸಬಲ್ಲವನೂ ಬ್ಯಾಂಕಿನ ಗ್ರಾಹಕ ಎಂಬುದು ಅವರ ನಿರ್ಧಾರ. ಅಂಥವನು ದಿನದ ಕೂಲಿ ಬಿಟ್ಟು ಬ್ಯಾಂಕಿಗೆ ಬರಲಾರ, ಆದ್ದರಿಂದ ಬ್ಯಾಂಕೇ ಅವನ ಬಾಗಿಲಿಗೆ ಹೋಗಬೇಕು. ಹೋದ ಮೇಲೆ ಲೆಕ್ಕ ತಪ್ಪಬಾರದು. ಠೇವಣಿದಾರನ ಕೈಯಲ್ಲಿ ಕಾರ್ಡು, ಏಜೆಂಟನ ಕೈಯಲ್ಲಿ ಪಟ್ಟಿ, ಶಾಖೆಯಲ್ಲಿ ಲೆಡ್ಜರು, ಮೂರೂ ತಾಳೆಯಾಗಬೇಕು. ಅಷ್ಟು ಚಿಕ್ಕ ಮೊತ್ತವನ್ನು ಅಷ್ಟು ಮನೆಗಳಿಂದ ದಿನವೂ ಎತ್ತುವ ಯೋಚನೆ, ಅದರ ಲೆಕ್ಕ ಇಡುವ ಕ್ರಮವಿಲ್ಲದೆ ಒಂದು ತಿಂಗಳೂ ನಡೆಯುತ್ತಿರಲಿಲ್ಲ. ಯೋಜನೆಯನ್ನೂ ಲೆಕ್ಕದ ಕ್ರಮವನ್ನೂ ಅವರು ಬೇರೆ ಬೇರೆ ಕೋಣೆಯಲ್ಲಿ ಕೂತು ಮಾಡಿರಲಾರರು.

ಅಧ್ಯಕ್ಷೆ: ಆ ಬ್ಯಾಂಕೇ ಈಗಿಲ್ಲ. ನಮ್ಮ ಅಪ್ಪನ ಖಾತೆ ಅಲ್ಲಿತ್ತು. ಒಂದು ದಿನ ಬೋರ್ಡು ಬದಲಾಗಿ ಕೆನರಾ ಬ್ಯಾಂಕ್ ಆಯಿತು.

ಅಧಿಕಾರಿ: 2020ರ ಏಪ್ರಿಲ್ 1ರಂದು. ಆ ವಿಲೀನದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಟ್ಟುವ ಪಾಠವಿದೆ. 2019ರ ಆಗಸ್ಟ್ 30ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ಯೋಜನೆ ಪ್ರಕಟಿಸಿದರು. ಯಾವುದಕ್ಕೆ ಯಾವುದನ್ನು ಸೇರಿಸಬೇಕು ಎನ್ನುವುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು, ಅವುಗಳ ಕೋರ್ ಬ್ಯಾಂಕಿಂಗ್ ತಂತ್ರಾಂಶ ಒಂದೇ ಆಗಿರುವುದು. ಕೆನರಾ ಮತ್ತು ಸಿಂಡಿಕೇಟ್ ಎರಡರದ್ದೂ ಐ-ಫ್ಲೆಕ್ಸ್ ತಂತ್ರಾಂಶ. ಯೂನಿಯನ್, ಆಂಧ್ರ, ಕಾರ್ಪೊರೇಷನ್ ಮೂರೂ ಇನ್ಫೊಸಿಸ್‌ನ ಫಿನಾಕಲ್ ಬಳಸುತ್ತಿದ್ದವು. ಇಂಡಿಯನ್ ಬ್ಯಾಂಕ್, ಅಲಹಾಬಾದ್ ಬ್ಯಾಂಕ್ ಎರಡೂ ಟಿಸಿಎಸ್‌ನ ಬ್ಯಾಂಕ್ಸ್.

ಅಧ್ಯಕ್ಷೆ: ಅಂದರೆ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಮುಂಬೈಗೆ ಹೋದದ್ದಕ್ಕೆ, ಮಣಿಪಾಲದ ಸಿಂಡಿಕೇಟ್ ಬೆಂಗಳೂರಿಗೆ ಹೋದದ್ದಕ್ಕೆ ಸಾಫ್ಟ್‌ವೇರ್ ಕಾರಣವೇ?

ಅಧಿಕಾರಿ: ಅದೊಂದೇ ಅಲ್ಲ. ಶಾಖೆಗಳ ಹರಹು, ಬಂಡವಾಳ, ಕೆಲಸದ ಸಂಸ್ಕೃತಿ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆದರೆ ಆ ಪಟ್ಟಿಯಲ್ಲಿ ತಂತ್ರಾಂಶದ ಹೆಸರು ಇತ್ತು ಎನ್ನುವುದೇ ದೊಡ್ಡ ವಿಷಯ. ಆ ತಂತ್ರಾಂಶಗಳನ್ನು ಕೊಂಡಾಗ ಟೆಂಡರು, ದರ, ಸರ್ವರು, ತರಬೇತಿ ಎಂದೇ ಚರ್ಚೆ ನಡೆದಿರುತ್ತದೆ. ಮುಂದೆಂದೋ ನಮ್ಮ ಸಂಸ್ಥೆ ಯಾರ ಜೊತೆ ಸೇರಬಹುದು ಎನ್ನುವುದರಲ್ಲೂ ಇದಕ್ಕೊಂದು ಪಾಲಿರುತ್ತದೆ ಎಂದು ಅಂದು ಯಾರು ಯೋಚಿಸಿದ್ದರು? ಅಷ್ಟಾಗಿಯೂ ಕೆಲಸ ಸಲೀಸಾಗಿರಲಿಲ್ಲ. ಸಿಂಡಿಕೇಟ್ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ರದ್ದಾಗಿ ಹೊಸವು ಪೂರ್ತಿ ಜಾರಿಗೆ ಬಂದದ್ದು 2021ರ ಜುಲೈ 1ಕ್ಕೆ, ವಿಲೀನವಾಗಿ ಹದಿನೈದು ತಿಂಗಳ ಮೇಲೆ.

ಅಧ್ಯಕ್ಷೆ: ತೋಟ ಹಾಕುವಾಗ ಗುಂಡಿಯಿಂದ ಗುಂಡಿಗೆ ಒಂಬತ್ತಡಿ ಅಂತರ ಕೊಟ್ಟರೆ ಮುಂದೆ ನಡುವೆ ಬಾಳೆ, ಕಾಫಿ, ಏಲಕ್ಕಿ ಏನಾದರೂ ಹಾಕಬಹುದು. ಸಸಿ ಹೆಚ್ಚು ಹಿಡಿಸಬೇಕೆಂದು ಒತ್ತಾಗಿ ನೆಟ್ಟರೆ ಆ ಮರ ಇರುವಷ್ಟು ಕಾಲ ಅಡಿಕೆ ಒಂದೇ. ಆಗ ಅಂತರ ನಿರ್ಧರಿಸಿದವನು ಗುಂಡಿ ತೋಡುವ ಆಳಾಗಿದ್ದರೆ, ಮೂವತ್ತು ವರ್ಷದ ಬೆಳೆ ಪದ್ಧತಿಯನ್ನೂ ಅವನೇ ನಿರ್ಧರಿಸಿದಂತೆ.

ಅಧಿಕಾರಿ: ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಾರದು. ಅದಕ್ಕೇ ಈ ಹೊಂದಾಣಿಕೆ ಒಂದೇ ದಿಕ್ಕಿನದಲ್ಲ. ವ್ಯವಹಾರ ಆಜ್ಞೆ ಮಾಡುವುದು, ತಂತ್ರಜ್ಞಾನ ಪಾಲಿಸುವುದು ಎಂದು ಮೊದಮೊದಲು ತಿಳಿದಿದ್ದರು. 1993ರಲ್ಲಿ ಜಾನ್ ಹೆಂಡರ್ಸನ್ ಮತ್ತು ಎನ್. ವೆಂಕಟರಾಮನ್ ಇಬ್ಬರೂ ಐಬಿಎಂನ ಸಂಶೋಧನಾ ಪತ್ರಿಕೆಯೊಂದರಲ್ಲಿ ಒಂದು ಮಾದರಿ ಮುಂದಿಟ್ಟರು. ತಂತ್ರಜ್ಞಾನ ವ್ಯವಹಾರಕ್ಕೆ ಸೇವೆ ಮಾಡುವುದು ಒಂದು ದಾರಿ. ತಂತ್ರಜ್ಞಾನ ತೆರೆದ ಸಾಧ್ಯತೆಯನ್ನು ನೋಡಿ ವ್ಯವಹಾರವೇ ತನ್ನ ಯೋಜನೆ ಬದಲಿಸುವುದು ಇನ್ನೊಂದು ದಾರಿ. ಎರಡೂ ನಡೆಯಬೇಕು ಎಂಬುದು ಅದರ ತಿರುಳು. ಎರಡೂ ನಡೆಯಬೇಕಾದರೆ ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂರಬೇಕು.

ಅಧ್ಯಕ್ಷೆ: ಕೂರದಿದ್ದರೆ ಎಷ್ಟರ ಮಟ್ಟಿಗೆ ಕೆಡುತ್ತದೆ? ನಮ್ಮ ನಿರ್ದೇಶಕರು ಉದಾಹರಣೆ ಕೇಳುತ್ತಾರೆ.

ಅಧಿಕಾರಿ: ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ ಹೇಳಿ. ಅದು ಲಾಯ್ಡ್ಸ್ ಬ್ಯಾಂಕಿನ ಭಾಗವಾಗಿತ್ತು. ಬೇರೆಯಾದ ಮೇಲೂ ಲಾಯ್ಡ್ಸ್‌ನ ಕಂಪ್ಯೂಟರ್ ವ್ಯವಸ್ಥೆಯನ್ನೇ ಹಣ ಕೊಟ್ಟು ಬಳಸುತ್ತಿತ್ತು. 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕ್ ಅದನ್ನು ಕೊಂಡಿತು. ಆ ಖರ್ಚು ಉಳಿಸಿ, ತನ್ನದೇ ವ್ಯವಸ್ಥೆಗೆ ಟಿಎಸ್‌ಬಿಯ ಗ್ರಾಹಕರನ್ನು ಸಾಗಿಸಬೇಕು ಎಂಬುದು ಯೋಜನೆ. ವ್ಯವಹಾರದ ದೃಷ್ಟಿಯಿಂದ ಯೋಚನೆ ಸರಿಯಾಗಿಯೇ ಇತ್ತು. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಒಂದೇ ಏಟಿಗೆ ಸಾಗಿಸಿದರು. ದತ್ತಾಂಶವೇನೋ ಹೋಯಿತು, ವ್ಯವಸ್ಥೆ ನಿಲ್ಲಲಿಲ್ಲ. 19 ಲಕ್ಷ ಜನಕ್ಕೆ ತಮ್ಮ ಖಾತೆಯೇ ತೆರೆಯಲಿಲ್ಲ. ಕೆಲವರಿಗೆ ಬೇರೆಯವರ ಖಾತೆ ಕಂಡಿತು. ಎಲ್ಲವೂ ಮೊದಲಿನಂತಾಗಲು ಆ ವರ್ಷದ ಡಿಸೆಂಬರ್ ಬಂತು. ಮುಖ್ಯ ಕಾರ್ಯನಿರ್ವಾಹಕರು ಸೆಪ್ಟೆಂಬರ್‌ನಲ್ಲೇ ಹುದ್ದೆ ಬಿಟ್ಟಿದ್ದರು. 2022ರಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡ ಹಾಕಿದರು.

ಅಧ್ಯಕ್ಷೆ: ಎಂಜಿನಿಯರುಗಳ ತಪ್ಪೇ?

ಅಧಿಕಾರಿ: ಸ್ವತಂತ್ರ ತನಿಖಾ ವರದಿ ಬೊಟ್ಟು ಮಾಡಿದ್ದು ಆಡಳಿತ ಮಂಡಳಿಯ ಕಡೆಗೂ. ಮೊದಲು ಮುಗಿಯಬೇಕಾದ ದಿನಾಂಕ ಇಟ್ಟುಕೊಂಡರು, ಆಮೇಲೆ ಅದರಿಂದ ಹಿಂದಕ್ಕೆ ಎಣಿಸುತ್ತ ಕೆಲಸ ಹಂಚಿದರು. ಪರೀಕ್ಷೆ ಎಷ್ಟಾಗಿದೆ, ವ್ಯವಸ್ಥೆ ಸಿದ್ಧವಾಗಿದೆ ಎನ್ನಲು ಆಧಾರವೇನು ಎಂದು ಮಂಡಳಿ ಗಟ್ಟಿಯಾಗಿ ಕೇಳಲಿಲ್ಲ. ಉಳಿತಾಯದ ಲೆಕ್ಕ ಕೇಳಲು ಬರುವವರಿಗೆ ಪರೀಕ್ಷೆಯ ಲೆಕ್ಕ ಕೇಳಲು ಧೈರ್ಯ ಬರಲಿಲ್ಲ. ಅದು ತಾಂತ್ರಿಕ ವಿಷಯ ಎಂದು ಬಿಟ್ಟುಕೊಟ್ಟರು. ಕಷ್ಟ ಅನುಭವಿಸಿದವರು ಸಂಬಳ ತೆಗೆಯಲಾಗದ, ಬಾಡಿಗೆ ಕಟ್ಟಲಾಗದ ಜನ.

ಅಧ್ಯಕ್ಷೆ: ಇಂಗ್ಲೆಂಡಿನ ಕಥೆ ನಮಗ್ಯಾಕೆ ಎಂದು ಒಬ್ಬರಾದರೂ ಎದ್ದು ಕೇಳುತ್ತಾರೆ.

ಅಧಿಕಾರಿ: ಹಾಗಾದರೆ ನಮ್ಮ ದೇಶದ್ದೇ ಹೇಳಿ. ಎಚ್‌ಡಿಎಫ್‌ಸಿ ಬ್ಯಾಂಕಿನ ಸೇವೆ ಎರಡು ವರ್ಷಗಳಲ್ಲಿ ಹಲವು ಸಲ ನಿಂತದ್ದರಿಂದ, 2020ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಹೊಸ ಡಿಜಿಟಲ್ ಯೋಜನೆಗಳಿಗೂ ಹೊಸ ಕ್ರೆಡಿಟ್ ಕಾರ್ಡುಗಳಿಗೂ ತಡೆ ಹಾಕಿತು. ತಡೆ ಪೂರ್ತಿ ತೆರವಾದದ್ದು 2022ರ ಮಾರ್ಚ್‌ನಲ್ಲಿ. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರ ಬ್ಯಾಂಕ್, ಆನ್‌ಲೈನ್ ಮತ್ತು ಮೊಬೈಲ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳಬಾರದು, ಹೊಸ ಕ್ರೆಡಿಟ್ ಕಾರ್ಡ್ ಕೊಡಬಾರದು ಎಂಬ ಆದೇಶ ಬಂತು. ಬೆಳವಣಿಗೆಗೆ ತಕ್ಕಂತೆ ಮಾಹಿತಿ ವ್ಯವಸ್ಥೆಯನ್ನು ಬೆಳೆಸಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ಆಕ್ಷೇಪ. ಅದು ತೆರವಾದದ್ದು 2025ರ ಫೆಬ್ರುವರಿಯಲ್ಲಿ. ಎರಡೂ ಬಲವಾದ ಬ್ಯಾಂಕುಗಳು, ಎರಡಕ್ಕೂ ಹಣದ ಕೊರತೆ ಇರಲಿಲ್ಲ. ಆದರೂ ಬೆಳೆಯುವ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಇಂಥ ಹೊತ್ತಿನಲ್ಲಿ ವ್ಯವಹಾರದ ನಿರ್ಧಾರ ಯಾವುದು, ತಾಂತ್ರಿಕ ನಿರ್ಧಾರ ಯಾವುದು ಎಂದು ಗೆರೆ ಎಳೆಯಲು ಬರುವುದಿಲ್ಲ.

ಅಧ್ಯಕ್ಷೆ: ನನಗೆ ಇನ್ನೊಂದು ಅನುಮಾನ. ಈ ಮೂರು ಕಂಪನಿಗಳ ಸಾಫ್ಟ್‌ವೇರನ್ನೇ ಜಿಲ್ಲೆಯ ಉಳಿದ ಸಹಕಾರಿಗಳೂ ಕೊಳ್ಳುತ್ತವೆ. ಎಲ್ಲರ ಹತ್ತಿರವೂ ಒಂದೇ ಇದ್ದರೆ ಅದರಿಂದ ನಮಗೇನು ವಿಶೇಷ? ಕರೆಂಟಿನ ಬಿಲ್ಲು ಕಟ್ಟಿದಂತೆ ಕಟ್ಟಿ ಸುಮ್ಮನಾಗಬಹುದಲ್ಲ?

ಅಧಿಕಾರಿ: ಇದೇ ವಾದವನ್ನು 2003ರಲ್ಲಿ ನಿಕೋಲಸ್ ಕಾರ್ ಎಂಬುವರು ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಮಂಡಿಸಿ ದೊಡ್ಡ ಚರ್ಚೆ ಎಬ್ಬಿಸಿದರು. ಎಲ್ಲರಿಗೂ ಸಿಗುವ ವಸ್ತು ಯಾರಿಗೂ ಮೇಲುಗೈ ಕೊಡದು ಎಂಬುದು ಅವರ ವಾದ. ಯಂತ್ರದ ಮಟ್ಟಿಗೆ ಅದು ನಿಜ. ಸರ್ವರು, ನೆಟ್‌ವರ್ಕು, ಸಾಮಾನ್ಯ ಲೆಕ್ಕಪತ್ರ, ಇವುಗಳ ವಿಷಯದಲ್ಲಿ ನೀವು ಕಾರ್ ಮಾತನ್ನೇ ಪಾಲಿಸಿ. ಎಲ್ಲರಂತೆ ಕೊಳ್ಳಿ, ಸುರಕ್ಷಿತವಾಗಿರಲಿ, ಅಗ್ಗವಾಗಿರಲಿ. ಆದರೆ ಅದೇ ಸಾಫ್ಟ್‌ವೇರಿಗೆ ನೀವು ಏನು ಕಲಿಸುತ್ತೀರಿ, ಅದರಲ್ಲಿ ಯಾವ ವಿವರ ತುಂಬಿಸುತ್ತೀರಿ, ಬಂದ ವರದಿ ನೋಡಿ ಏನು ಮಾಡುತ್ತೀರಿ, ಇವು ಅಂಗಡಿಯಲ್ಲಿ ಸಿಗುವುದಿಲ್ಲ. ಸದಸ್ಯನ ತೋಟ ಎಷ್ಟು ಎಕರೆ, ಮರಗಳ ವಯಸ್ಸೆಷ್ಟು, ಹೋದ ಸಲ ಯಾವ ತಿಂಗಳು ಮಂಡಿಗೆ ಹಾಕಿದ, ಕೊಳೆ ಬಂದಿತ್ತೇ? ಈ ಮಾಹಿತಿ ಈ ತಾಲ್ಲೂಕಿನಲ್ಲಿ ನಿಮ್ಮ ಬಳಿ ಇರುವಷ್ಟು ಯಾವ ಬ್ಯಾಂಕಿನ ಬಳಿಯೂ ಇಲ್ಲ. ಅದೆಲ್ಲ ಇರುವುದು ಗುಮಾಸ್ತರ ನೋಟ್‌ಬುಕ್ಕಿನಲ್ಲಿ, ನಿಮ್ಮ ತಲೆಯಲ್ಲಿ.

ಅಧ್ಯಕ್ಷೆ: ಹಾಗಾದರೆ ದುಬಾರಿಯದೇ ಬೇಕೆಂದಿಲ್ಲ.

ಅಧಿಕಾರಿ: ಖಂಡಿತ ಇಲ್ಲ. ಸ್ಪೇನಿನ ಬಟ್ಟೆ ಕಂಪನಿ ಜಾರಾ ಗೊತ್ತಲ್ಲ? ಬೆಂಗಳೂರಿನ ಮಾಲುಗಳಲ್ಲೂ ಇದೆ. ಜನ ಈ ವಾರ ಏನು ಕೇಳುತ್ತಿದ್ದಾರೋ ಅದನ್ನು ಕೆಲವೇ ವಾರಗಳಲ್ಲಿ ಹೊಲಿದು ಅಂಗಡಿಗೆ ತರುವುದು ಅದರ ದಾರಿ. ಈ ಶತಮಾನದ ಮೊದಲ ವರ್ಷಗಳಲ್ಲಿ ಅದರ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳು, ಆಗಲೇ ಹಳತಾಗಿದ್ದ ಡಾಸ್ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದವು. ಕಂಪ್ಯೂಟರ್ ವಿಭಾಗ ಚಿಕ್ಕದು, ಖರ್ಚೂ ಕಡಿಮೆ. ಆದರೆ ಪ್ರತಿ ಅಂಗಡಿಯ ಮ್ಯಾನೇಜರ್ ವಾರಕ್ಕೆ ಎರಡು ಸಲ ಏನು ಬೇಕು ಎಂದು ಕೇಂದ್ರಕ್ಕೆ ತಿಳಿಸುವ ಕ್ರಮ ಗಟ್ಟಿಯಾಗಿತ್ತು. ಅಂಗಡಿಯವರು ಕಂಡದ್ದು ವಿನ್ಯಾಸ ಮಾಡುವವರ ಮೇಜಿಗೆ ತಡವಿಲ್ಲದೆ ಮುಟ್ಟಬೇಕಿತ್ತು. ವ್ಯವಹಾರಕ್ಕೆ ಬೇಕಾದದ್ದು ಅಷ್ಟೇ. ಅಷ್ಟನ್ನು ಚೆನ್ನಾಗಿ ಮಾಡಿದರು, ಉಳಿದದ್ದಕ್ಕೆ ಆಸೆಪಡಲಿಲ್ಲ.

ಅಧ್ಯಕ್ಷೆ: ನಮ್ಮಲ್ಲಿ ಈ ಕೆಲಸವನ್ನು ಯಾರು ಹೊರಬೇಕು? ಕಾರ್ಯದರ್ಶಿಗೆ ದಿನದ ವಹಿವಾಟೇ ಸಾಕಾಗಿದೆ. ನಿರ್ದೇಶಕರಲ್ಲಿ ಕಂಪ್ಯೂಟರ್ ಬಲ್ಲವರು ಇಲ್ಲ.

ಅಧಿಕಾರಿ: ರಿಸರ್ವ್ ಬ್ಯಾಂಕ್ 2023ರ ನವೆಂಬರ್‌ನಲ್ಲಿ ಮಾಹಿತಿ ತಂತ್ರಜ್ಞಾನದ ಆಡಳಿತ ಕುರಿತು ಒಂದು ನಿರ್ದೇಶನ ಹೊರಡಿಸಿತು. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಾಣಿಜ್ಯ ಬ್ಯಾಂಕುಗಳ ಆಡಳಿತ ಮಂಡಳಿಯಲ್ಲೇ ಒಂದು ಐಟಿ ಕಾರ್ಯತಂತ್ರ ಸಮಿತಿ ಇರಬೇಕು, ಕನಿಷ್ಠ ಮೂವರು ನಿರ್ದೇಶಕರಿರಬೇಕು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಐಟಿ ಯೋಜನೆ ಸಂಸ್ಥೆಯ ಒಟ್ಟು ಕಾರ್ಯತಂತ್ರಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಅದರ ಕೆಲಸ. 1997ರ ಸೌಹಾರ್ದ ಕಾಯ್ದೆಯಡಿ ನೋಂದಣಿಯಾದ ನಿಮಗೆ ಆ ನಿರ್ದೇಶನ ಅನ್ವಯಿಸುವುದಿಲ್ಲ. ಆದರೂ ಅದರ ತಿರುಳನ್ನು ತೆಗೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಇಬ್ಬರು ನಿರ್ದೇಶಕರು, ಕಾರ್ಯದರ್ಶಿ, ಆ ನೋಟ್‌ಬುಕ್ ಇಟ್ಟ ಗುಮಾಸ್ತರು, ಇಷ್ಟು ಜನರ ಸಮಿತಿ ಮಾಡಿ. ಕೋಡ್ ಬರೆಯಲು ಬರಬೇಕಿಲ್ಲ. ತೋಟದ ಸಾಲ ಎಂದರೇನು ಎಂದು ಗೊತ್ತಿರಬೇಕು. ಗೊತ್ತಿಲ್ಲದ್ದನ್ನು ಗೊತ್ತಿರುವವರಿಂದ ಕೇಳಿ ತಿಳಿಯುವ ಹಟವಿರಬೇಕು.

ಅಧ್ಯಕ್ಷೆ: ಗುಮಾಸ್ತರನ್ನು ಮಂಡಳಿಯ ಸಮಿತಿಗೆ ತರುವುದೆಂದರೆ ಕೆಲವರು ಹುಬ್ಬೇರಿಸುತ್ತಾರೆ.

ಅಧಿಕಾರಿ: ಏರಿಸಲಿ. ನಿಮ್ಮ ಕಾರ್ಯತಂತ್ರವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ಅವರು. ವ್ಯವಸ್ಥೆ ಸುಳ್ಳು ಹೇಳುತ್ತಿದೆ ಎಂದು ಗೊತ್ತಾಗಿ ನಿಜವನ್ನು ಬೇರೆ ಕಡೆ ಬರೆದಿಟ್ಟರು. ಯಾವ ಸಂಸ್ಥೆಯಲ್ಲಿ ಇಂಥ ನೋಟ್‌ಬುಕ್ಕೋ ಎಕ್ಸೆಲ್ ಹಾಳೆಯೋ ಇದೆಯೋ, ಅಲ್ಲೆಲ್ಲ ಹೊಂದಾಣಿಕೆ ತಪ್ಪಿದೆ ಎಂದೇ ತಿಳಿಯಿರಿ. ಅದನ್ನು ಇಟ್ಟವರನ್ನು ಗದರಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಸ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ಪಟ್ಟಿಯ ಮೊದಲ ಕರಡು ಆ ನೋಟ್‌ಬುಕ್ಕಿನಲ್ಲೇ ಇದೆ.

ಅಧ್ಯಕ್ಷೆ: ಕೊಟೇಶನ್ ಕೊಟ್ಟ ಕಂಪನಿಗಳಿಗೆ ಏನು ಹೇಳಲಿ?

ಅಧಿಕಾರಿ: ಅವರ ಪ್ರಾತ್ಯಕ್ಷಿಕೆ ನೋಡಬೇಡಿ, ನಿಮ್ಮದನ್ನು ಮಾಡಿಸಿ. ಜೂನ್ ಮೊದಲ ವಾರದಲ್ಲಿ ಒಬ್ಬ ಬೆಳೆಗಾರ ಔಷಧಿ ಸಾಲಕ್ಕೆ ಬಂದಿದ್ದಾನೆ. ಮಂಜೂರಾತಿಯಿಂದ ಹಣ ಕೊಡುವವರೆಗೆ ಮಾಡಿ ತೋರಿಸಿ. ಕೊಯ್ಲಿನ ಮೇಲೆ ಒಂದೇ ಕಂತು. ಡಿಸೆಂಬರ್‌ನಲ್ಲಿ ಧಾರಣೆ ಬಿದ್ದಿದೆ, ಅರ್ಧ ಕಟ್ಟಿ ಎರಡು ತಿಂಗಳು ಸಮಯ ಕೇಳುತ್ತಾನೆ, ಅದನ್ನೂ ತೋರಿಸಿ. ಮಂಡಳಿಯ ವರದಿಯಲ್ಲಿ ಅವನು ಹೇಗೆ ಕಾಣುತ್ತಾನೆ ತೋರಿಸಿ. ಇಷ್ಟು ಮಾಡಲಾಗದಿದ್ದರೆ ಉಳಿದ ನೂರು ಸೌಲಭ್ಯ ನಿಮಗಲ್ಲ. ಇನ್ನೊಂದು ಷರತ್ತನ್ನು ಕರಾರಿನಲ್ಲಿ ಬರೆಸಿ. ಸದಸ್ಯರ ಎಲ್ಲ ದತ್ತಾಂಶ ಸಹಕಾರಿಯದು. ಕೇಳಿದಾಗ, ಬೇರೆ ಯಾವ ವ್ಯವಸ್ಥೆಗೂ ಹಾಕಬಹುದಾದ ರೂಪದಲ್ಲಿ ಪೂರ್ತಿ ಕೊಡಬೇಕು. ನಾಳೆ ನಿಮ್ಮ ದಾರಿ ಬದಲಾ​ದರೆ ಹೊರಗೆ ಬರುವ ಬಾಗಿಲು ತೆರೆದಿರಬೇಕು.

ಅಧ್ಯಕ್ಷೆ: ದಾರಿ ಬದಲಾಗುವ ಮಾತು ಬಂತಲ್ಲ, ಇದನ್ನೂ ಹೇಳುತ್ತೇನೆ. ನಮ್ಮ ಪಿಗ್ಮಿ ಸಂಗ್ರಹ ಇಳಿಯುತ್ತಿದೆ. ಏಜೆಂಟರು ಸೋಮಾರಿಗಳಾಗಿದ್ದಾರೆ ಎಂದು ಮಂಡಳಿಯಲ್ಲಿ ಬೈಗುಳ. ನಾನು ಪೇಟೆಯಲ್ಲಿ ವಿಚಾರಿಸಿದೆ. ಅಂಗಡಿಯವರು ಹೇಳುವುದೇ ಬೇರೆ. ಮೊದಲು ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ನೋಟು ಇರುತ್ತಿತ್ತು, ಏಜೆಂಟ್ ಬಂದಾಗ ಇನ್ನೂರೋ ಮುನ್ನೂರೋ ಎತ್ತಿ ಕೊಡುತ್ತಿದ್ದರು. ಈಗ ಗಿರಾಕಿ ಫೋನ್ ತೋರಿಸಿ ಹೋಗುತ್ತಾನೆ, ದುಡ್ಡು ನೇರ ಬೇರೆ ಬ್ಯಾಂಕಿನ ಖಾತೆಗೆ.

ಅಧಿಕಾರಿ: 2023ರ ಆಗಸ್ಟ್‌ನಲ್ಲೇ ದೇಶದಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ ಒಂದೇ ತಿಂಗಳಿಗೆ 1,000 ಕೋಟಿ ದಾಟಿತು. ಅದರಲ್ಲಿ ನಿಮ್ಮ ಪೇಟೆಯ ಕಿರಾಣಿ ಅಂಗಡಿಯೂ ಸೇರಿದೆ. ಏಜೆಂಟರನ್ನು ಬೈದು ಉಪಯೋಗವಿಲ್ಲ. ಇದು ನಾನು ಹೇಳಿದ ಎರಡನೇ ದಿಕ್ಕು. ತಂತ್ರಜ್ಞಾನ ಜನರ ದುಡ್ಡಿನ ಜಾಗವನ್ನೇ ಬದಲಿಸಿದೆ, ಆದ್ದರಿಂದ ನಿಮ್ಮ ಯೋಜನೆ ಬದಲಾಗಬೇಕು. ನೀವೇನು ಯೋಚಿಸಿದ್ದೀರಿ?

ಅಧ್ಯಕ್ಷೆ: ಪಿಗ್ಮಿ ಬಿಡಬಾರದು. ಏಜೆಂಟ್ ದಿನವೂ ಬರುತ್ತಾನೆ ಎಂಬುದಕ್ಕೇ ಎಷ್ಟೋ ಜನ ಉಳಿಸುತ್ತಾರೆ. ಆ ಭೇಟಿಗೆ ಬೆಲೆ ಇದೆ. ಆದರೆ ಅವನ ಕೈಯಲ್ಲಿ ನಗದೂ ಕೊಡಬಹುದು, ಅವನು ತೋರಿಸುವ ಕ್ಯೂಆರ್‌ಗೆ ಯುಪಿಐಯಿಂದಲೂ ಕಟ್ಟಬಹುದು ಎಂದಾಗಬೇಕು. ಇನ್ನೊಂದು, ಈಗ ಏಜೆಂಟರು ಬೆಳಿಗ್ಗೆ ಶಾಖೆಯಲ್ಲಿ ಯಂತ್ರಕ್ಕೆ ವಿವರ ತುಂಬಿಸಿಕೊಂಡು ಹೊರಡುತ್ತಾರೆ, ಸಂಗ್ರಹದ ಲೆಕ್ಕ ಖಾತೆಗೆ ಏರುವುದು ಮಾರನೇ ದಿನ. ಆ ಒಂದು ರಾತ್ರಿ ದುಡ್ಡು ಎಲ್ಲಿದೆ ಎಂದು ಠೇವಣಿದಾರರಿಗೆ ಗೊತ್ತಾಗುವುದಿಲ್ಲ. ತರಕಾರಿ ಮಾರುವ ಹೆಂಗಸು ನೂರು ರೂಪಾಯಿ ಕೊಟ್ಟ ಕ್ಷಣವೇ ಅವಳ ಫೋನಿಗೆ ಕನ್ನಡದಲ್ಲಿ ಸಂದೇಶ ಬಂದರೆ, ಅದರ ಮುಂದೆ ಯಾವ ಜಾಹೀರಾತೂ ಬೇಡ. ನಿಯತ್ತಿನ ಏಜೆಂಟನಿಗೂ ಅದೇ ರಕ್ಷಣೆ.

ಅಧಿಕಾರಿ: ನೀವೀಗ ಹೇಳಿದ್ದರಲ್ಲಿ ವ್ಯವಹಾರ ಎಷ್ಟು, ತಂತ್ರಜ್ಞಾನ ಎಷ್ಟು ಎಂದು ಬೇರ್ಪಡಿಸಿ ನೋಡೋಣ. ಆಗುವುದಿಲ್ಲ. ಸಹಕಾರಿಯ ಮೂಲ ನಂಬಿಕೆ, ಪೇಟೆಯಲ್ಲಿ ಕಂಡ ಬದಲಾವಣೆ, ಯಂತ್ರ ಮಾಡಬಹುದಾದ ಕೆಲಸ, ಮೂರೂ ಒಂದೇ ವಾಕ್ಯದಲ್ಲಿ ಬಂದವು. ಇದನ್ನು ಕಂಪನಿಯ ಮಾರಾಟಗಾರ ನಿಮಗೆ ಹೇಳಿಕೊಡಲಾರ. ನಾನೂ ಹೇಳಿಕೊಡಲಾರೆ.

ಅಧ್ಯಕ್ಷೆ: ಹಾಗಾದರೆ ಬರುವ ಸಭೆಯ ಕಾರ್ಯಸೂಚಿ ಬದಲಾಯಿಸುತ್ತೇನೆ. ಸಾಫ್ಟ್‌ವೇರ್ ಖರೀದಿ ಎಂಬ ವಿಷಯ ತೆಗೆದು, ಮೊದಲಿಗೆ ನಮ್ಮ ಸಹಕಾರಿ ಯಾರಿಗಾಗಿ ಎಂಬುದನ್ನು ಅರ್ಧ ಪುಟದಲ್ಲಿ ಬರೆದು ಠರಾವು ಮಾಡುತ್ತೇವೆ. ಸಣ್ಣ ಬೆಳೆಗಾರ, ದಿನದ ದುಡಿಮೆಯವರು, ಸ್ವಸಹಾಯ ಸಂಘ, ಈ ಮೂವರು ಮೊದಲು. ಚಿನ್ನದ ಸಾಲಕ್ಕೆ ಒಟ್ಟು ಸಾಲದಲ್ಲಿ ಇಂತಿಷ್ಟೇ ಎಂಬ ಮಿತಿ. ಎರಡನೆಯದು ಸಮಿತಿ. ಮೂರನೆಯದು, ಸಮಿತಿ ಕೊಟ್ಟ ಪಟ್ಟಿಯ ಪ್ರಕಾರ ಮೂರೂ ಕಂಪನಿಗಳಿಂದ ನಮ್ಮ ಸಾಲ, ನಮ್ಮ ಪಿಗ್ಮಿ ಮಾಡಿಸಿ ನೋಡುವುದು. ದರದ ಮಾತು ಆಮೇಲೆ.

ಅಧಿಕಾರಿ: ಗಡುವು?

ಅಧ್ಯಕ್ಷೆ: ಮಳೆಗಾಲದ ಸಾಲದ ಹಂಗಾಮಿನಲ್ಲಿ ಹೊಸ ವ್ಯವಸ್ಥೆಗೆ ಹೋಗುವುದಿಲ್ಲ. ಆಗಲೇ ಜನಕ್ಕೆ ದುಡ್ಡು ಬೇಕಾಗಿರುವುದು, ಆಗಲೇ ಯಂತ್ರ ಕೈಕೊಟ್ಟರೆ ತೋಟವೇ ಹೋಗುತ್ತದೆ. ಒಂದು ಶಾಖೆಯಲ್ಲಿ ಮೊದಲು ನಡೆಸಿ, ಹಳೆಯದನ್ನೂ ಹೊಸದನ್ನೂ ಜೊತೆಗಿಟ್ಟು ತಾಳೆ ನೋಡಿ, ಲೆಕ್ಕ ಸರಿಬಂದ ಮೇಲೆ ಉಳಿದ ಶಾಖೆಗಳು. ಸಿದ್ಧವಿಲ್ಲ ಎಂದು ಗುಮಾಸ್ತರು ಹೇಳಿದರೆ ದಿನಾಂಕ ಮುಂದಕ್ಕೆ ಹೋಗುತ್ತದೆ. ಅದನ್ನೂ ಠರಾವಿನಲ್ಲೇ ಬರೆಯುತ್ತೇನೆ.

ಅಧಿಕಾರಿ: ಒಂದು ಸಾಲು ಸೇರಿಸಿ. ವರ್ಷಕ್ಕೊಮ್ಮೆ, ಮಹಾಸಭೆಗೆ ಮೊದಲು, ಆ ಅರ್ಧ ಪುಟವನ್ನೂ ಸಾಫ್ಟ್‌ವೇರ್ ಕೊಟ್ಟ ವರದಿಯನ್ನೂ ಅಕ್ಕಪಕ್ಕ ಇಟ್ಟು ಮಂಡಳಿ ಓದಬೇಕು. ನಾವು ಮುಖ್ಯ ಎಂದವರ ಸಾಲ ಹೆಚ್ಚಿದೆಯೇ, ಹೆಚ್ಚಿಲ್ಲದಿದ್ದರೆ ನಮ್ಮ ಮಾತು ಬದಲಾಯಿತೋ ಅಥವಾ ಯಂತ್ರ ನಮ್ಮನ್ನು ಬೇರೆ ಕಡೆ ಒಯ್ದಿತೋ ಎಂದು ಕೇಳಬೇಕು. ಮಾತನ್ನು ಬೇಕೆಂದೇ ಬದಲಿಸಿದ್ದರೆ ಸದಸ್ಯರಿಗೆ ಹೇಳಿ. ಯಂತ್ರ ಬದಲಿಸಿದ್ದರೆ ಯಂತ್ರವನ್ನು ಸರಿಪಡಿಸಿ.

ಅಧ್ಯಕ್ಷೆ: ಸೇರಿಸುತ್ತೇನೆ. ಅದಕ್ಕೆ ಉತ್ತರ ಕೊಡಬೇಕಾದವರು ಅಧ್ಯಕ್ಷರು ಎಂದೂ ಬರೆಯುತ್ತೇನೆ. ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನ ತಲೆಗೆ ಕಟ್ಟುವ ಕೆಲಸ ಇದಲ್ಲ. ಸದಸ್ಯರು ಓಟು ಹಾಕಿ ಕೂರಿಸಿದ್ದು ನಮ್ಮನ್ನು.